ಮಗನಿಗೆ ದಮ್ಮು, ತಾಯಿಗೆ ಬರೀ ಅಶಕ್ತಿಯೇ?



ಕಳೆದ ಸೋಯಾ ರಾಶಿಯ ಕಾಲದಲ್ಲಿ ಎಕಂಬಾದ ಅಜ್ಜಿಯೊಬ್ಬರು ಏಳು ವರ್ಷದ ಮೊಮ್ಮಗನನ್ನು ನಮ್ಮಲ್ಲಿಗೆ ಕರೆತಂದರು. ಬಾಲಕನಿಗೆ ದಮ್ಮು, ಎದೆಯಲ್ಲಿ ಸುಂಯ್‌ಗುಡುವ ಸದ್ದು. ಅವನನ್ನು ಎತ್ತಿಕೊಂಡಿದ್ದ ತಾಯಿಯೂ ಏದುಸಿರು ಬಿಡುತ್ತಿದ್ದಳು. ವಿಚಾರಿಸಿದರೆ, "ಆಕಿಗೇನ್ ಆಗಿಲ್ರಿ, ಬರೇ ಅಶಕ್ತಿ ಅದ" ಎಂದರು ಅಜ್ಜಿ. ಇಬ್ಬರ ಎದೆಯನ್ನೂ ಪರೀಕ್ಷಿಸಿದೆವು. ಇಬ್ಬರದೂ ಒಂದೇ ವ್ಯಾಧಿ.

ಚರಕ ಸಂಹಿತೆಯು ಐದು ಬಗೆಯ ಶ್ವಾಸರೋಗಗಳಲ್ಲಿ ಇದನ್ನು ತಮಕ ಶ್ವಾಸವೆಂದು ಕರೆದು, ಧೂಳು, ಹೊಗೆ, ತಂಪುಗಳನ್ನು ಕಾರಣವಾಗಿ ಎಣಿಸಿದೆ. ಯಾವ ವಯಸ್ಸಿನಲ್ಲಿ ಯಾರಿಗೆ ಹೆಚ್ಚು ಎಂಬುದನ್ನು ಆಧುನಿಕ ವೈದ್ಯವು ಸ್ಪಷ್ಟಪಡಿಸಿದೆ. ಬಾಲ್ಯದಲ್ಲಿ ಉಬ್ಬಸವೂ ಸೀನು-ನೆಗಡಿಯ ಅಲರ್ಜಿಯೂ ಗಂಡುಮಕ್ಕಳಲ್ಲೇ ಅಧಿಕ. ಪುಪ್ಪುಸದ ಗಾತ್ರಕ್ಕೆ ಹೋಲಿಸಿದರೆ ಅವರ ಶ್ವಾಸನಾಳಗಳು ಆಗ ಕಿರಿದು. ಪ್ರಾಯಕ್ಕೆ ಬಂದ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ. ಅನೇಕ ಬಾಲಕರು ಚೇತರಿಸಿಕೊಳ್ಳುತ್ತಾರೆ, ಹೆಣ್ಣುಮಕ್ಕಳಲ್ಲಿ ರೋಗವು ಹೊಸದಾಗಿ ತಲೆದೋರುತ್ತದೆ. ಇದರಲ್ಲಿ ಹಾರ್ಮೋನುಗಳ ಪಾತ್ರವಿದೆ. ಕೆಲವರಿಗೆ ಮುಟ್ಟಿನ ಹಿಂದಿನ ದಿನಗಳಲ್ಲಿ ಉಸಿರು ಬಿಗಿಯುತ್ತದೆ. ಉಬ್ಬಸವಿರುವ ಗರ್ಭಿಣಿಯರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿನವರಿಗೆ ರೋಗ ಉಲ್ಬಣಿಸುತ್ತದೆ, ಒಂದು ಪಾಲಿಗೆ ತಗ್ಗುತ್ತದೆ, ಉಳಿದವರಿಗೆ ಇದ್ದಂತೆಯೇ ಇರುತ್ತದೆ.

ಇದರ ಮೇಲೆ ನಮ್ಮ ಕಡೆಯ ಒಲೆ. ಗ್ಯಾಸ್ ಬಂದ ಮನೆಗಳಲ್ಲೂ ರೊಟ್ಟಿಗೆ, ಸ್ನಾನದ ನೀರಿಗೆ ತೊಗರಿ ಕಟ್ಟಿಗೆ, ಕುಳ್ಳು ಉರಿಯುತ್ತವೆ. ಆ ಹೊಗೆಯನ್ನು ಕುಡಿಯುವವರು ಯಾರೆಂದು ಹೇಳಬೇಕಿಲ್ಲ.

ವೃದ್ಧರಲ್ಲಿ ಉಬ್ಬಸವು "ವಯಸ್ಸಾಯಿತು" ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತದೆ. ಹೃದ್ರೋಗವೂ ಬೀಡಿಯಿಂದ ಕೆಟ್ಟ ಪುಪ್ಪುಸವೂ ಏದುಸಿರು ತರುವುದರಿಂದ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸುವುದು ಲೇಸು.

ವರನ ಕಡೆಯವರಿಗೆ ತಿಳಿದೀತೆಂದು ಮಗಳ ಇನ್ಹೇಲರನ್ನು ಅಡಗಿಸುವ ತಂದೆತಾಯಿಗಳನ್ನು ಕಂಡಿದ್ದೇವೆ. ನಾವು ಸಿತೋಪಲಾದಿ ಚೂರ್ಣ, ವಾಸಾವಲೇಹ ಕೊಡುವ ವೈದ್ಯರು. ಆದರೂ ಇನ್ಹೇಲರ್ ಬಿಡಿರೆಂದು ಯಾರಿಗೂ ಹೇಳಿಲ್ಲ. ಗರ್ಭಿಣಿಯರಂತೂ ತಾವಾಗಿಯೇ ಅದನ್ನು ನಿಲ್ಲಿಸಕೂಡದು. ತಾಯಿಯ ಉಸಿರು ಕುಗ್ಗಿದರೆ ಗರ್ಭಸ್ಥ ಶಿಶುವಿಗೂ ಆಮ್ಲಜನಕ ಕಡಿಮೆಯಾಗುತ್ತದೆ. ಒಂದು ವಾಕ್ಯವನ್ನು ಪೂರ್ತಿ ಆಡಲಾರದಷ್ಟು ದಮ್ಮು ಹತ್ತಿದರೆ, ತುಟಿ ನೀಲಿಗಟ್ಟಿದರೆ, ಕಷಾಯ ಕುದಿಸುತ್ತ ಕೂಡದೆ ಔರಾದಿನ ತಾಲ್ಲೂಕು ಆಸ್ಪತ್ರೆಗೆ ಧಾವಿಸಬೇಕು.

ತಮಕ ಶ್ವಾಸವು ಯಾಪ್ಯ, ಅಂದರೆ ಹತೋಟಿಯಲ್ಲಿಡಬಹುದಾದದ್ದು. ಹೊಸದಾಗಿದ್ದರೆ ಸಾಧ್ಯ ಎನ್ನುತ್ತಾನೆ ಚರಕ. ಆ ತಾಯಿಯದು ಈ ಮಗನ ಬಸಿರಿನಲ್ಲಿ ಹತ್ತಿದ್ದು, ಎಂಟನೆಯ ವರ್ಷ. ಕೇಳಿದವರು ಯಾರೂ ಇರಲಿಲ್ಲ. ಅಂದು ಆಕೆಯ ಹೆಸರಿಗೂ ಬೇರೆ ಚೀಟಿ ಬರೆದು, ಅಜ್ಜಿಯ ಕೈಗೇ ಕೊಟ್ಟೆವು.