ತಿಣುಕುವ ಸ್ಟಾರ್ಟರ್: ಹೊಸದನ್ನು ಕೊಳ್ಳುವ ಮುನ್ನ

ಬೇಸಿಗೆ ಬಂತೆಂದರೆ ಬ್ರಿಟನ್ನಿನ ರಸ್ತೆಗಳಲ್ಲಿ ಹಳೆಯ ಎಂ.ಜಿ.ಬಿ. ಕಾರುಗಳು ಕಣ್ಣಿಗೆ ಬೀಳುತ್ತವೆ. 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್‌ನಲ್ಲಿ ತಯಾರಾದ ಈ ಕಾರಿಗೂ ನಮ್ಮೂರಿನ ಅಂಬಾಸಿಡರ್‌ಗೂ ದೂರದ ನೆಂಟಸ್ತಿಕೆಯುಂಟು. ಅಂಬಾಸಿಡರ್ ಬಹುಕಾಲ ಓಡಿದ್ದೂ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ಎಂಜಿನ್ನಿನಿಂದಲೇ.

ಇಂಥ ಕಾರು ಕೀಲಿ ತಿರುಗಿಸಿದಾಗ ತಿಣುಕಿದರೆ ಮೊದಲ ಅನುಮಾನ ಸ್ಟಾರ್ಟರ್ ಮೇಲೆ. ಆದರೆ ಅನೇಕ ಸಲ ತಪ್ಪು ಅದರದ್ದಲ್ಲ.

"ದೀಪ ಚೆನ್ನಾಗಿ ಉರಿಯುತ್ತಿದೆಯಲ್ಲ, ಬ್ಯಾಟರಿ, ತಂತಿ ಸರಿಯಾಗಿಯೇ ಇವೆ" ಎನ್ನುವುದುಂಟು. ದೀಪಕ್ಕೆ ಬೇಕಾದದ್ದು ಸುಮಾರು 5 ಆಂಪಿಯರ್. ಸ್ಟಾರ್ಟರ್‌ಗೆ 150ರಷ್ಟಾದರೂ ಬೇಕು. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ 0.01 ಓಮ್ ತಡೆಯಿದ್ದರೆ ದೀಪ ಕಳೆದುಕೊಳ್ಳುವುದು 0.05 ವೋಲ್ಟ್, ಸ್ಟಾರ್ಟರ್ 1.5 ವೋಲ್ಟ್. 1974ರವರೆಗಿನ ಎಂ.ಜಿ.ಬಿ.ಗಳಲ್ಲಿ ಆಸನದ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳಿದ್ದವು. ಜೋಡಣೆಗಳು ಹೆಚ್ಚಿದಷ್ಟೂ ಕಿಲುಬಿಗೆ ಜಾಗ ಹೆಚ್ಚು.

ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು.

1. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ರಾತ್ರಿಯಿಡೀ ಬಿಟ್ಟು ಅಳೆಯಿರಿ. 12.6 ವೋಲ್ಟ್ ಇರಬೇಕು. ಎರಡು ಬ್ಯಾಟರಿಗಳಿದ್ದರೆ ಒಂದೊಂದರಲ್ಲೂ 6.3.

2. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಹೊತ್ತಿಕೊಳ್ಳದಂತೆ ಇಗ್ನಿಷನ್ ಕಾಯಿಲ್‌ನ ಸಣ್ಣ ತಂತಿಯನ್ನು ಬಿಡಿಸಿ. ಮನೆಯವರೊಬ್ಬರು ಕೀಲಿಯನ್ನು ನಾಲ್ಕೈದು ಸೆಕೆಂಡು ತಿರುಗಿಸಲಿ. ಆಗ ಬ್ಯಾಟರಿ ಸುಮಾರು 9.6 ವೋಲ್ಟ್‌ಗಿಂತ ಕೆಳಗಿಳಿದರೆ ಅದನ್ನು ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ.

3. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಅರ್ಥ್ ಅಲ್ಲದ ಸೀಸದ ಕಂಬಕ್ಕೆ, ಇನ್ನೊಂದನ್ನು ಸ್ಟಾರ್ಟರಿನ ದಪ್ಪ ತಂತಿಯ ಬೋಲ್ಟಿಗೆ ಮುಟ್ಟಿಸಿ ಮತ್ತೆ ಕೀಲಿ ತಿರುಗಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಆ ದಾರಿಯಲ್ಲಿ ದೋಷವಿದೆ.

4. ಅರ್ಥ್ ಕಂಬ ಮತ್ತು ಎಂಜಿನ್ ಮೈ ನಡುವೆಯೂ ಹೀಗೆಯೇ ಅಳೆಯಿರಿ. ಕಾಲು ವೋಲ್ಟ್ ದಾಟಬಾರದು. 1967ರವರೆಗಿನ ಕಾರುಗಳಲ್ಲಿ ಅರ್ಥ್ ಆಗಿರುವುದು ಪಾಸಿಟಿವ್ ಕಂಬ ಎಂಬುದು ನೆನಪಿರಲಿ.

ಈ ನಾಲ್ಕನೆಯದು ಬಹು ಮುಖ್ಯ. ಎಂಜಿನ್ ಕುಳಿತಿರುವುದು ರಬ್ಬರ್ ಮೇಲೆ. ಅದನ್ನು ಕಾರಿನ ಮೈಗೆ ಸೇರಿಸುವ ಹೆಣೆದ ಅರ್ಥ್ ಪಟ್ಟಿ ತುಂಡಾದರೆ ವಿದ್ಯುತ್ತು ಆಕ್ಸಿಲರೇಟರ್ ಅಥವಾ ಚೋಕ್ ಕೇಬಲ್ ಮೂಲಕ ನುಗ್ಗುತ್ತದೆ. ಕೇಬಲ್ ಬಿಸಿಯಾದರೆ, ಹೊಗೆಯಾಡಿದರೆ ಕೂಡಲೇ ನಿಲ್ಲಿಸಿ. ಬೆಂಕಿಯ ಅಪಾಯವಿದೆ.

ದೋಷ ಕಂಡ ಜೋಡಣೆಯನ್ನು ಬಿಚ್ಚಿ, ಲೋಹ ಹೊಳೆಯುವಂತೆ ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂಡಿಸಿ. ಬಿಚ್ಚುವಾಗ ಅರ್ಥ್ ತಂತಿ ಮೊದಲು, ಕೂಡಿಸುವಾಗ ಕೊನೆಗೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಕಿಡಿ ದೂರವಿರಲಿ.

ಎಲ್ಲವೂ ಸರಿಯಿದ್ದೂ ತಿಣುಕಿದರೆ ಸ್ಪಾರ್ಕ್ ಪ್ಲಗ್ ತೆಗೆದು ಎಂಜಿನ್ನನ್ನು ಸ್ಪ್ಯಾನರಿನಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿತೇ? ಈಗ ಸ್ಟಾರ್ಟರ್ ಬಿಚ್ಚಬಹುದು.

ಮೀಟರ್ ಓದುವ ಕೆಲಸವನ್ನು ಮಕ್ಕಳಿಗೇ ಬರೆದುಕೊಳ್ಳಲು ಕೊಡಿ. ಶಾಲೆಯಲ್ಲಿ ಕಲಿತ ಓಮ್‌ನ ನಿಯಮ ಮನೆಯ ಹಣ ಉಳಿಸುವುದನ್ನು ಅವರೂ ಕಣ್ಣಾರೆ ಕಾಣಲಿ.