ಹೊದಿಗೆರೆಯಲ್ಲಿ ಮಲಗಿರುವ ಸೇನಾನಿ

ಕಡೂರಿನಿಂದ ಬೀರೂರು, ಅಜ್ಜಂಪುರ ಹಾದು ಚನ್ನಗಿರಿ ಸೀಮೆಗೆ ಕಾಲಿಟ್ಟರೆ ಅಡಿಕೆ ತೋಟಗಳು ಎದುರುಗೊಳ್ಳುತ್ತವೆ. ಕೊಯ್ಲಿನ ದಿನಗಳಲ್ಲಿ ಬೇಯಿಸಿದ ಅಡಿಕೆ ಅಂಗಳದ ತುಂಬ ಕೆಂಪಗೆ ಹರಡಿರುತ್ತದೆ, ಚೊಗರಿನ ಘಾಟು ರಸ್ತೆಯವರೆಗೂ ಬರುತ್ತದೆ. ಚನ್ನಗಿರಿ ತಾಲ್ಲೂಕಿನ ಇಂಥದೊಂದು ಊರು ಹೊದಿಗೆರೆ. ಶಹಾಜಿ ಭೋಂಸ್ಲೆಯ ಸಮಾಧಿ ಇರುವುದು ಇಲ್ಲೇ.

ಶಿವಾಜಿಯ ತಂದೆ ಎಂದಷ್ಟೇ ಹೇಳಿ ಮುಗಿಸುವ ಆಳಲ್ಲ ಈತ. ಅಹ್ಮದ್‌ನಗರದ ನಿಜಾಮಶಾಹಿ ಕುಸಿಯುವಾಗ ಎಳೆಯ ಹುಡುಗನೊಬ್ಬನನ್ನು ಪಟ್ಟಕ್ಕೆ ಕೂರಿಸಿ, ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದವನು. 1636ರಲ್ಲಿ ಆ ರಾಜ್ಯ ಅಳಿದ ಮೇಲೆ ಬಿಜಾಪುರದ ಆದಿಲ್‌ಶಾಹಿಯ ಸರದಾರನಾಗಿ ಕರ್ನಾಟಕಕ್ಕೆ ಬಂದ. 1638ರಲ್ಲಿ ಬೆಂಗಳೂರು ಕೆಂಪೇಗೌಡನ ವಂಶದ ಕೈತಪ್ಪಿತು, ಮುಂದೆ ಶಹಾಜಿಯ ಜಹಗೀರಾಯಿತು. ಜಯರಾಮ ಪಿಂಡ್ಯೆಯಂಥ ಕವಿಗಳು ಅವನ ಆಸ್ಥಾನದಲ್ಲಿದ್ದರು. 1648ರಲ್ಲಿ ಅದೇ ಬಿಜಾಪುರ ಅವನನ್ನು ಸೆರೆಹಿಡಿಯಿತು, ಮರುವರ್ಷ ಬಿಟ್ಟುಕೊಟ್ಟಿತು. ಬಾಳಿನ ಕೊನೆಯ ಕಾಲು ಶತಮಾನದ ಬಹುಪಾಲು ಕಳೆದದ್ದು ದಕ್ಷಿಣದಲ್ಲೇ. ಹಾಗಾಗಿ ಅವನ ಕಥೆ ಮಹಾರಾಷ್ಟ್ರದ್ದಾದಷ್ಟೇ ನಮ್ಮದೂ ಹೌದು.

ತರೀಕೆರೆಯವರಿಗಂತೂ ಇದು ಮನೆಯಂಗಳದ ಇತಿಹಾಸ. ತರೀಕೆರೆ ಪಾಳೇಗಾರರ ಮೂಲ ನೆಲೆ ಬಸವಾಪಟ್ಟಣ ಮತ್ತು ಸಂತೇಬೆನ್ನೂರು. ರಣದುಲ್ಲಾ ಖಾನನ ಬಿಜಾಪುರ ಸೈನ್ಯ ಅವರನ್ನು ಅಲ್ಲಿಂದ ಎಬ್ಬಿಸಿದ್ದರಿಂದಲೇ ಅವರು ತರೀಕೆರೆಯತ್ತ ಸರಿದರು. ಆ ಖಾನನ ಜೊತೆಗೆ ಕರ್ನಾಟಕಕ್ಕೆ ಇಳಿದ ದೊಡ್ಡ ಸರದಾರ ಶಹಾಜಿ.

1664ರ ಜನವರಿ 23. ಬಿದನೂರಿನ ಕಡೆಯ ದಂಡಯಾತ್ರೆಗೆ ಬಂದಿದ್ದ ಶಹಾಜಿ ಬೇಟೆಗೆ ಹೊರಟ. ಓಡುತ್ತಿದ್ದ ಕುದುರೆಯ ಕಾಲು ಸಿಕ್ಕಿಕೊಂಡು ಮುಗ್ಗರಿಸಿತು, ಎಪ್ಪತ್ತರ ಆಸುಪಾಸಿನ ಸವಾರ ಕೆಳಗೆ ಬಿದ್ದು ಪ್ರಾಣಬಿಟ್ಟ. ಎಷ್ಟೋ ರಣರಂಗ ದಾಟಿ ಬಂದವನಿಗೆ ಇಲ್ಲಿ ಹೀಗೆ ಸಾವು ಬಂತು. ಅದೇ ತಿಂಗಳ ಮೊದಲಲ್ಲಿ ಮಗ ಸೂರತ್ ನಗರವನ್ನು ಸೂರೆಮಾಡಿದ್ದ.

ಶಹಾಜಿಯ ಒಡೆಯ ಮುಹಮ್ಮದ್ ಆದಿಲ್ ಶಾಹನಿಗೆ ಗೋಳಗುಮ್ಮಟವಿದೆ. ಇಲ್ಲಿರುವುದು ಸಾದಾ ಕಲ್ಲಿನ ಸಮಾಧಿ. ಇದನ್ನು ನೋಡಲೆಂದೇ ಮಹಾರಾಷ್ಟ್ರದಿಂದ ಜನ ಬರುತ್ತಾರೆ. ಪಕ್ಕದ ತಾಲ್ಲೂಕಿನ ನಾವು ಹೋಗುವುದು ಕಡಿಮೆ, ಅದೇ ನನ್ನ ಬೇಸರ. ಮಕ್ಕಳನ್ನು ಕರೆದುಕೊಂಡು ಹೋಗಿ. ಮುಂದೆ ಸಂತೇಬೆನ್ನೂರಿನ ಪುಷ್ಕರಿಣಿಯನ್ನೂ ಎದುರಿನ ಮುಸಾಫಿರ್‌ಖಾನೆಯನ್ನೂ ನೋಡಿ, ಹೊತ್ತಿದ್ದರೆ ಸೂಳೆಕೆರೆ ಏರಿಗೂ ಹೋಗಿಬನ್ನಿ.