ಈರುಳ್ಳಿಯೂ ಕಣ್ಣೀರೂ

ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ನಾನು ಬರೆದುಕೊಡುವೆನೆಂದು ನಿರೀಕ್ಷಿಸಿದ್ದಿರಬೇಕು. ನಾನು ಆರಿಸಿಕೊಂಡದ್ದು ಈರುಳ್ಳಿಯನ್ನು. ಇದಕ್ಕೆ ಕಾರಣ ನಮ್ಮ ವಿದ್ಯಾರ್ಥಿನಿಲಯದ ಪಾಕಶಾಲೆ. ಬೆಳಗಿನ ಹೊತ್ತು ಆ ಬಾಗಿಲನ್ನು ಹಾದುಹೋಗುವಾಗಲೆಲ್ಲ, ಅಲ್ಲಿಯ ತಾಯಂದಿರು ಈರುಳ್ಳಿಯ ರಾಶಿಯ ಮುಂದೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವುದನ್ನು ಕಾಣುತ್ತೇನೆ. ಮನೆಯಲ್ಲಿ ಎರಡು ಗೆಡ್ಡೆ ಹೆಚ್ಚುವವರಿಗೆ ಇದು ಕ್ಷಣದ ಕಿರಿಕಿರಿ. ನೂರಾರು ಮಕ್ಕಳಿಗೆ ಅಡುಗೆ ಮಾಡುವವರಿಗೆ ಇದು ನಿತ್ಯದ ಬವಣೆ. ಒಮ್ಮೆ ಅವರಲ್ಲೊಬ್ಬರು, "ಮೇಷ್ಟ್ರೇ, ಅಷ್ಟೆಲ್ಲ ಓದ್ಕಂಡಿದ್ದೀರಿ, ಇದ್ಕೊಂದು ಉಪಾಯ ಯಾವ ಪುಸ್ತಕದಲ್ಲೂ ಇಲ್ವಾ?" ಎಂದು ಕೇಳಿದರು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ.

ಈರುಳ್ಳಿ ನಮಗೆ ಹೊರಗಿನದಲ್ಲ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳು ಸಣ್ಣ ಈರುಳ್ಳಿಯ ಸೀಮೆ. ಬೀಜಕ್ಕೆ ಬದಲಾಗಿ ಗೆಡ್ಡೆಯನ್ನೇ ನೆಟ್ಟು, ಒಂದರಿಂದ ಒಂದು ಗೊಂಚಲನ್ನು ಪಡೆಯುವ ಬೆಳೆಯಿದು. ನೆರೆಯ ತಮಿಳುನಾಡು, ಕೇರಳಗಳ ಸಾಂಬಾರಿಗೂ ಇಲ್ಲಿಂದಲೇ ಲಾರಿಗಳು ಹೊರಡುತ್ತವೆ. (ಬೆಲೆ ಬಿದ್ದ ವರ್ಷ ಬೆಳೆಗಾರನ ಕಣ್ಣಿನಲ್ಲಿ ಬರುವ ನೀರಿಗೆ ಈ ಲೇಖನದಲ್ಲಿ ಪರಿಹಾರವಿಲ್ಲ, ಅದನ್ನು ಬಲ್ಲವರು ಬರೆಯಬೇಕು.) ಪದದ ಮಾತನ್ನು ಹೇಳದೆ ಮುಂದೆ ಹೋದರೆ ಪಂಡಿತನ ಕೈ ಸುಮ್ಮನಿರದು. ಬಿಳಿದು ಉಳ್ಳಿ ಬೆಳ್ಳುಳ್ಳಿ, ಇದು ಕರ್ಮಧಾರಯ. 'ನೀರುಳ್ಳಿ'ಯನ್ನು ವಿಗ್ರಹಿಸಿರೆಂದು ಒಮ್ಮೆ ಪರೀಕ್ಷೆಯಲ್ಲಿ ಕೇಳಿದ್ದೆ. ಒಬ್ಬ ಹುಡುಗ 'ಕಣ್ಣಿನಲ್ಲಿ ನೀರು ತರಿಸುವ ಉಳ್ಳಿ' ಎಂದು ಬರೆದಿದ್ದ. ವ್ಯಾಕರಣ ಒಪ್ಪಲಿಲ್ಲ, ಅನುಭವ ಒಪ್ಪಿತು. ಅರ್ಧ ಅಂಕ ಕೊಟ್ಟೆ.

ವಿಚಿತ್ರವೆಂದರೆ, ಇಡಿಯಾದ ಈರುಳ್ಳಿಯಲ್ಲಿ ಕಣ್ಣುರಿಸುವ ವಸ್ತುವೇ ಇರುವುದಿಲ್ಲ. ಗೆಡ್ಡೆಯು ಮಣ್ಣಿನಿಂದ ಗಂಧಕವನ್ನು ಹೀರಿ, ಅದನ್ನೊಳಗೊಂಡ ಒಂದು ಅಮೈನೋ ಆಮ್ಲವನ್ನು ಜೀವಕೋಶಗಳಲ್ಲಿ ಕೂಡಿಟ್ಟುಕೊಂಡಿರುತ್ತದೆ. ಅದನ್ನು ಒಡೆಯಬಲ್ಲ ಕಿಣ್ವವು ಅದೇ ಕೋಶದೊಳಗಿನ ರಸದಾನಿಯೆಂಬ ಬೇರೆ ಕೋಣೆಯಲ್ಲಿರುತ್ತದೆ. ನಡುವೆ ತೆಳುವಾದ ಗೋಡೆ. ಅಲಗು ತಗುಲಿ ಆ ಗೋಡೆ ಒಡೆದೊಡನೆ ಎರಡೂ ಕಲೆಯುತ್ತವೆ. ಆಗ ಹುಟ್ಟುವ ಆಮ್ಲವನ್ನು ಇನ್ನೊಂದು ಕಿಣ್ವವು ಪ್ರೊಪೇನ್‌ಥಯಾಲ್ ಎಸ್-ಆಕ್ಸೈಡ್ ಎಂಬ ಆವಿಯಾಗುವ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಈ ಎರಡನೆಯ ಕಿಣ್ವವನ್ನು 2002ರಲ್ಲಿ ಜಪಾನಿನ ಇಮಾಯಿ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಅದುವರೆಗೆ ಮೊದಲ ಕಿಣ್ವವೊಂದರಿಂದಲೇ ಎಲ್ಲವೂ ಆಗುವುದೆಂದು ನಂಬಿದ್ದರು. 2013ರಲ್ಲಿ ಈ ಕಾರ್ಯಕ್ಕೆ 'ಇಗ್ ನೊಬೆಲ್' ಎಂಬ ವಿನೋದದ ಪಾರಿತೋಷಕವೂ ದೊರೆಯಿತು. ನಮ್ಮ ಪಾಕಶಾಲೆಯವರನ್ನು ಕೇಳಿದ್ದರೆ ನಿಜವಾದುದನ್ನೇ ಕೊಡುತ್ತಿದ್ದರು. ಬೆಳ್ಳುಳ್ಳಿಯಲ್ಲಿ ಆ ಎರಡನೆಯ ಕಿಣ್ವವಿಲ್ಲ. ಅದಕ್ಕೇ ಎಷ್ಟು ಜಜ್ಜಿದರೂ ಅದು ಘಾಟು ಬೀರುವುದೇ ಹೊರತು ಅಳಿಸುವುದಿಲ್ಲ.

ಮೇಲೆದ್ದ ಆವಿ ಕಾರ್ನಿಯಾ ಎಂಬ ಕಣ್ಣಿನ ಪಾರದರ್ಶಕ ಪೊರೆಯ ನರಗಳನ್ನು ಚುಚ್ಚುತ್ತದೆ. ಅಶ್ರುಗ್ರಂಥಿಗಳು ನೀರು ಸುರಿಸಿ ಅದನ್ನು ತೊಳೆಯಲು ಯತ್ನಿಸುತ್ತವೆ. ಆದುದರಿಂದ ಕಣ್ಣೀರು ಇಲ್ಲಿ ರೋಗವಲ್ಲ, ಕಣ್ಣೇ ಮಾಡಿಕೊಂಡ ಚಿಕಿತ್ಸೆ. ಅದೇ ಕೈಯಿಂದ ಕಣ್ಣುಜ್ಜಿದರೆ ಮಾತ್ರ ಉರಿ ಇಮ್ಮಡಿಯಾಗುತ್ತದೆ. ಮೊದಲು ಕೈ ತೊಳೆದು, ಬಳಿಕ ತಣ್ಣೀರಿನಿಂದ ಕಣ್ಣು ತೊಳೆಯಬೇಕು.

ಇಷ್ಟನ್ನು ತಿಳಿದ ಮೇಲೆ ಲೋಕದ ಉಪಾಯಗಳನ್ನು ಒರೆಗೆ ಹಚ್ಚುವುದು ಸುಲಭ. ಕೋಶಗಳು ಒಡೆಯುವುದನ್ನು ಕಡಮೆ ಮಾಡುವುದೇ, ಕಿಣ್ವವನ್ನು ಅಡಗಿಸುವುದೇ, ಆವಿಯನ್ನು ಕಣ್ಣಿನಿಂದ ದೂರವಿಡುವುದೇ ಎಂದು ಕೇಳಿದರೆ ಸಾಕು. ನಮ್ಮ ಅಜ್ಜಿಯವರು ಈರುಳ್ಳಿಯ ಸಿಪ್ಪೆಯನ್ನು ನೆತ್ತಿಯ ಮೇಲಿಟ್ಟುಕೊಳ್ಳುತ್ತಿದ್ದರು. ಹಿರಿಯರೆಂಬ ಗೌರವಕ್ಕೆ ಕುಂದಿಲ್ಲದೆ ಹೇಳುವುದಾದರೆ, ಈ ಮೂರರಲ್ಲಿ ಒಂದನ್ನೂ ಅದು ಮಾಡುವುದಿಲ್ಲ. ಬೆಂಕಿಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದೂ ಹಾಗೆಯೇ. ಸೌದೆಯ ಒಲೆಯ ಪಕ್ಕದಲ್ಲಿ ಕುಳಿತರೆ ಆವಿ ಒಲೆಯ ಕಡೆಗೆ ಸೆಳೆಯಲ್ಪಡುವುದು ಕೊಂಚ ಮಟ್ಟಿಗೆ ನಿಜವಾದರೂ, ಹೊಗೆಯ ಕಣ್ಣೀರು ಬಂದು ಲೆಕ್ಕ ಸರಿಹೋಗುತ್ತದೆ.

ನಿಜವಾಗಿ ಕೆಲಸಮಾಡುವುದು ಹರಿತವಾದ ಅಲಗು. ಮೊಂಡು ಚಾಕು ಕತ್ತರಿಸುವುದಕ್ಕೆ ಮೊದಲು ಗೆಡ್ಡೆಯನ್ನು ಅದುಮುತ್ತದೆ. ಅದುಮಿದ ಪದರ ಸೀಳಿದಾಗ ರಸವು ಸೂಕ್ಷ್ಮ ಹನಿಗಳಾಗಿ ಮೇಲಕ್ಕೆ ಚಿಮ್ಮುತ್ತದೆ. 2025ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ವೇಗದ ಕ್ಯಾಮೆರಾದಿಂದ ಚಿತ್ರಿಸಿ ತೋರಿಸಿದ್ದಾರೆ. ಹರಿತವಾದ ಅಲಗಿನಿಂದ ನಿಧಾನವಾಗಿ ಕತ್ತರಿಸಿದರೆ ಹನಿಗಳು ಕಡಮೆ. ರೆಫ್ರಿಜರೇಟರಿನಲ್ಲಿಟ್ಟು ತಣಿಸಿದರೆ ಕಿಣ್ವದ ವೇಗ ತಗ್ಗುವುದೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಆದರೆ ಆ ಪ್ರಯೋಗದಲ್ಲಿ ತಣಿದ ಗೆಡ್ಡೆಯಿಂದ ಹನಿಗಳು ಹೆಚ್ಚೇ ಚಿಮ್ಮಿದುವು. ಬುಡವನ್ನು ಕೊನೆಗೆ ಕತ್ತರಿಸುವ ರೂಢಿ ಒಳ್ಳೆಯದು: ಪದರಗಳು ಜಾರದೆ ಒಟ್ಟಿಗೆ ನಿಲ್ಲುವುದರಿಂದ ಅಲಗಿನ ಏಟುಗಳು ಕಡಮೆಯಾಗುತ್ತವೆ.

ನೀರೂ ಸಹಾಯಕ. ಸಣ್ಣ ಈರುಳ್ಳಿಯನ್ನು ತುಸುಹೊತ್ತು ನೆನೆಸಿದರೆ ಸಿಪ್ಪೆ ಸಡಿಲವಾಗಿ, ಉಗುರಿನಿಂದ ಗಾಯಮಾಡದೆ ಸುಲಿಯಬಹುದು. ದಪ್ಪ ಈರುಳ್ಳಿಯನ್ನು ಎರಡು ಹೋಳು ಮಾಡಿ ನೀರಿನಲ್ಲಿ ಹಾಕಿಟ್ಟರೆ ಕೊಯ್ದ ಮೈಯ ರಸ ತೊಳೆದುಹೋಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ರುಚಿಯೂ ಹೋಗುತ್ತದೆ. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿದರೆ ಕಾವಿಗೆ ಹೊರಪದರಗಳ ಕಿಣ್ವ ಕೆಡುತ್ತದೆ. ಗೊಜ್ಜಿಗೆ ಇದು ನಡೆಯುತ್ತದೆ, ಹಸಿಯಾಗಿ ಮೊಸರಿಗೆ ಬೆರೆಸುವುದಕ್ಕೆ ನಡೆಯದು. ಎಲ್ಲಕ್ಕಿಂತ ಸರಳವಾದುದು ನಮ್ಮ ಸೀಮೆಯ ಹಳೆಯ ಪದ್ಧತಿ: ಸಣ್ಣ ಈರುಳ್ಳಿಯನ್ನು ಹೆಚ್ಚದೆ ಇಡಿಯಾಗಿಯೇ ಹುಳಿಗೆ ಹಾಕುವುದು.

ಅಳಿಸದ ಈರುಳ್ಳಿಯ ತಳಿಯನ್ನೂ ಜಪಾನಿನಲ್ಲಿ ಸಿದ್ಧಪಡಿಸಿದ್ದಾರೆ. ಅದರಲ್ಲಿ ಕಿಣ್ವದ ಬಲವನ್ನೇ ಕುಗ್ಗಿಸಿರುವುದರಿಂದ ಘಾಟಿನೊಂದಿಗೆ ಖಾರವೂ ಕುಗ್ಗಿದೆ. ಅಂಥದನ್ನು ಸಾರಿಗೆ ಹಾಕಿ ಫಲವೇನೆಂದು ನನ್ನ ಸಂದೇಹ.

ಇದನ್ನೆಲ್ಲ ಹಿಡಿದುಕೊಂಡು ನಾನು ಪಾಕಶಾಲೆಗೆ ಮರಳಿ ಹೋದೆ. ಅಲ್ಲಿದ್ದ ಚಾಕುಗಳಲ್ಲಿ ಒಂದಕ್ಕೂ ಅಲಗೆಂಬುದಿರಲಿಲ್ಲ. ಮೂಲೆಯ ಫ್ಯಾನು ಎದುರಿನಿಂದ ಬೀಸಿ ಆವಿಯನ್ನೆಲ್ಲ ಅವರ ಮುಖಕ್ಕೇ ತಳ್ಳುತ್ತಿತ್ತು. ಫ್ಯಾನನ್ನು ಬೆನ್ನಿನ ಹಿಂದಕ್ಕೆ ಸರಿಸಿ, ರಾಶಿಯನ್ನು ಬಾಗಿಲ ಕಡೆಗೆ ತಂದೆವು. ಸಾಣೆ ಹಿಡಿಯುವವನು ಈಗ ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. "ಪೂರ್ತಿ ನಿಂತಿಲ್ಲ ಮೇಷ್ಟ್ರೇ, ಆದ್ರೆ ಸೆರಗು ನೆನೆಯೋದು ತಪ್ತು" ಎಂದು ಮೊದಲು ಕೇಳಿದ ತಾಯಿಯೇ ಹೇಳಿದರು. ಪಡುವಣ ಗೋಡೆಯಲ್ಲಿ ಒಂದು ಕಿಟಕಿ ತೆಗೆಸಿದರೆ ಗಾಳಿ ಬಾಗಿಲಿನಿಂದ ನೇರವಾಗಿ ಹಾಯ್ದುಹೋಗುತ್ತದೆ, ಅದಿನ್ನೂ ಆಗಬೇಕಾಗಿದೆ.